ಬೆಂಗಳೂರಿಗೆ ಬಂದ ಜರ್ಮನ್, ಎಂಜಿನ್ ಸಿಗದ ಮರುತ್

ಬೆಂಗಳೂರಿನ ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆ ಹೋಗುವವರಿಗೆ ಸುರಂಜನ್ ದಾಸ್ ರಸ್ತೆ ಗೊತ್ತು. ಅಲ್ಲಿನ ಟ್ರಾಫಿಕ್ ಇನ್ನೂ ಚೆನ್ನಾಗಿ ಗೊತ್ತು. ದಾಸ್ ಯಾರು ಅಂತ ಮಾತ್ರ ಕೇಳಬೇಡಿ! ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಫೈಟರ್ ಮರುತ್. ಅದನ್ನು 1961ರ ಜೂನ್ 17ರಂದು ಮೊದಲ ಸಲ ಹಾರಿಸಿದ ಪೈಲಟ್ ಅವರು. ಆ ವಿಮಾನದ ವಿನ್ಯಾಸ ಜರ್ಮನಿಯ ಕುರ್ಟ್ ಟ್ಯಾಂಕ್ ಅವರದು.

ಟ್ಯಾಂಕ್ ಹುಟ್ಟಿದ್ದು 1898ರಲ್ಲಿ, ಈಗ ಪೋಲೆಂಡ್‌ಗೆ ಸೇರಿರುವ ಬ್ರೋಂಬರ್ಗ್ ಎಂಬ ಊರಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಕುದುರೆ ದಳದಲ್ಲಿದ್ದರು. ಆಮೇಲೆ ಬರ್ಲಿನ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, 1931ರಲ್ಲಿ ಫೋಕೆ-ವುಲ್ಫ್ ಕಂಪನಿ ಸೇರಿದರು. ಅಲ್ಲಿ ಅವರು ರೂಪಿಸಿದ ಕೊಂಡೋರ್ ವಿಮಾನ 1938ರಲ್ಲಿ ಬರ್ಲಿನ್‌ನಿಂದ ನ್ಯೂಯಾರ್ಕ್‌ಗೆ ಎಲ್ಲೂ ಇಳಿಯದೆ ಸುಮಾರು 25 ಗಂಟೆಯಲ್ಲಿ ತಲುಪಿತು.

ಕುದುರೆಯ ನೆನಪು ಅವರನ್ನು ಬಿಡಲಿಲ್ಲ. ಆ ಕಾಲದ ಫೈಟರ್‌ಗಳು ರೇಸ್ ಕುದುರೆಗಳಂತೆ, ಓಟ ಜೋರು, ಆದರೆ ಬಲು ನಾಜೂಕು ಅನ್ನೋದು ಅವರ ದೂರು. ತಮಗೆ ಬೇಕಾದ್ದು ಪೆಟ್ಟು ತಿಂದರೂ ನಿಲ್ಲುವ, ಕೆಟ್ಟ ನೆಲದಲ್ಲೂ ಇಳಿಯುವ ಸೈನ್ಯದ ಕುದುರೆ ಎಂದರು. ಹಾಗೆ ಹುಟ್ಟಿದ್ದು ಎಫ್‌ಡಬ್ಲ್ಯೂ 190. 20,000ಕ್ಕೂ ಜಾಸ್ತಿ ತಯಾರಾದವು. ಹಿಟ್ಲರನ ಯುದ್ಧಕ್ಕೆ ಕಟ್ಟಿದ ವಿಮಾನ ಅದು. ಫೋಕೆ-ವುಲ್ಫ್ ಕಾರ್ಖಾನೆಗಳಲ್ಲಿ ಬಲವಂತದ ಕೂಲಿಗಳನ್ನು ದುಡಿಸಿಕೊಂಡಿದ್ದರು. ಟ್ಯಾಂಕ್ ಜಾಣ್ಮೆಯನ್ನು ಮೆಚ್ಚುವಾಗ ಇದನ್ನು ಪಕ್ಕಕ್ಕಿಡುವುದು ಸರಿಯಲ್ಲ.

ಸೋತ ಜರ್ಮನಿಯಲ್ಲಿ ವಿಮಾನ ತಯಾರಿಕೆಗೆ ನಿಷೇಧ ಬಿತ್ತು. ಟ್ಯಾಂಕ್ ಬೇರೆ ಹೆಸರಿಟ್ಟುಕೊಂಡು ಅರ್ಜೆಂಟೀನಾ ಸೇರಿದರು. ಅಲ್ಲಿನ ಅಧ್ಯಕ್ಷ ಪೆರೋನ್ ಸರ್ಕಾರಕ್ಕಾಗಿ ಪುಲ್ಕಿ 2 ಎಂಬ ಜೆಟ್ ಮಾಡಿದರು. ಅದು 1950ರಲ್ಲಿ ಹಾರಿತು, ಆದರೆ ಕೆಲವೇ ಕೆಲವು ತಯಾರಾದವು. 1955ರಲ್ಲಿ ಪೆರೋನ್ ಅಧಿಕಾರವೇ ಹೋಯಿತು.

1956ರಲ್ಲಿ ಟ್ಯಾಂಕ್ ಒಂದಷ್ಟು ಜರ್ಮನ್ ಎಂಜಿನಿಯರ್‌ಗಳ ಜೊತೆ ಬೆಂಗಳೂರಿಗೆ ಬಂದರು. ಎಚ್‌ಎಎಲ್‌ನ ಕೈಯಲ್ಲಿ ಆಗ ಇದ್ದ ಸ್ವಂತ ವಿನ್ಯಾಸ ಅಂದರೆ ಅಲ್ಲಿನ ಎಂಜಿನಿಯರ್ ಘಾಟ್ಗೆಯವರ ಎಚ್‌ಟಿ-2, ಪ್ರೊಪೆಲ್ಲರ್ ಇರುವ ತರಬೇತಿ ವಿಮಾನ. ಅಲ್ಲಿಂದ ನೇರ ಶಬ್ದದ ಎರಡು ಪಟ್ಟು ವೇಗಕ್ಕೆ ಜಿಗಿಯುವ ಆಸೆ! ಮೊದಲು ಮರದಲ್ಲಿ ಪೂರ್ಣ ಗಾತ್ರದ ಗ್ಲೈಡರ್ ಮಾಡಿ, ಡಕೋಟಾ ವಿಮಾನದ ಹಿಂದೆ ಕಟ್ಟಿ ಎಳೆಸಿ ಪರೀಕ್ಷಿಸಿದರು.

ಕೈಕೊಟ್ಟಿದ್ದು ಎಂಜಿನ್. ಮರುತ್ ಅನ್ನು ರೂಪಿಸಿದ್ದು ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್ ನಂಬಿಕೊಂಡು. ಅದನ್ನು ಪೂರ್ತಿ ಮಾಡಲು ಹಣ ಬೇಕಿತ್ತು, ಭಾರತ ಕೊಡಲಿಲ್ಲ. ಆಮೇಲೆ ರಷ್ಯಾ, ಈಜಿಪ್ಟ್ ಅಂತ ಹುಡುಕಾಟ. ಕೊನೆಗೆ ದಕ್ಕಿದ್ದು ಕಡಿಮೆ ಬಲದ ಆರ್ಫಿಯಸ್ 703. ಮರುತ್ ಶಬ್ದದ ವೇಗವನ್ನು ಮುಟ್ಟುವುದೇ ಕಷ್ಟವಾಯಿತು. ಒಟ್ಟು 147 ತಯಾರಾದವು.

ಆದರೂ 1971ರ ಯುದ್ಧದಲ್ಲಿ, ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲೆ ಎರಗುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು. ಒಂದು ಎಂಜಿನ್ ಹೋದರೂ ಇನ್ನೊಂದರಲ್ಲಿ ಮನೆಗೆ ಬಂದದ್ದುಂಟು. ಸೈನ್ಯದ ಕುದುರೆಯೇ, ಅಲ್ವಾ?

ಅಷ್ಟರಲ್ಲಿ ಟ್ಯಾಂಕ್ ಇಲ್ಲಿರಲಿಲ್ಲ. 1960ರ ದಶಕದ ಕೊನೆಗೇ ಜರ್ಮನಿಗೆ ಮರಳಿದ್ದರು. 1983ರಲ್ಲಿ ಮ್ಯೂನಿಕ್‌ನಲ್ಲಿ ತೀರಿಕೊಂಡರು. ಇಲ್ಲಿ ಎಚ್‌ಎಎಲ್‌ನವರು ಮರುತ್‌ನ ಎಂಜಿನ್ ಬಲ ಹೆಚ್ಚಿಸಲು ಒದ್ದಾಡುತ್ತಲೇ ಇದ್ದರು. ಹಾಗೆ ಮಾರ್ಪಡಿಸಿದ ಒಂದು ಮರುತ್ 1970ರ ಜನವರಿಯಲ್ಲಿ ಬಿತ್ತು. ಅದನ್ನು ಹಾರಿಸುತ್ತಿದ್ದವರು ಸುರಂಜನ್ ದಾಸ್.