ಸದ್ದು ಮಾಡುತ್ತಿದ್ದ ಕಂಪ್ಯೂಟರ್

ಈಗಿನ ಲ್ಯಾಪ್‌ಟಾಪ್ ಚಾಲೂ ಆಗಿದೆಯೋ ಇಲ್ಲವೋ ಎಂದು ತಿಳಿಯಲು ಅದರ ಮುಖ ನೋಡಬೇಕು. 1990ರ ದಶಕದ ಕೊನೆಯಲ್ಲಿ ಮಲೆನಾಡಿನ ನಮ್ಮ ಮನೆಗೆ ಬಂದ ಮೊದಲ ಕಂಪ್ಯೂಟರಿನ ವಿಷಯದಲ್ಲಿ ಆ ಅನುಮಾನಕ್ಕೆ ಆಸ್ಪದವೇ ಇರಲಿಲ್ಲ. ಅದು ಚಾಲೂ ಆದದ್ದು ಅಡುಗೆಮನೆಗೂ ಕೇಳಿಸುತ್ತಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಪೆಂಟಿಯಂ, 32 ಎಂಬಿ ರ‍್ಯಾಮ್, 14 ಇಂಚಿನ ಮಾನಿಟರ್. ಅದರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಕೆಲಸ ಮುಗಿದ ಮೇಲೆ ಬಟ್ಟೆ ಮುಚ್ಚಬೇಕಿತ್ತು. ಆ ಕಾಲದ ಕಂಪ್ಯೂಟರ್ ಬಗ್ಗೆ ಮಾತು ಬಂದಾಗ ಜನ ಮೊದಲು ನೆನಪಿಸಿಕೊಳ್ಳುವುದು ಅದರ ಸದ್ದುಗಳನ್ನು. ಆ ಸದ್ದುಗಳಲ್ಲಿ ಹೆಚ್ಚಿನವು ಯಾರೋ ಅಂದಕ್ಕೆಂದು ಸೇರಿಸಿದವಲ್ಲ, ಒಳಗೆ ನಡೆಯುತ್ತಿದ್ದ ಕೆಲಸದ ಸದ್ದುಗಳು. ಕಿವಿಗೊಟ್ಟರೆ ಯಂತ್ರ ಏನು ಮಾಡುತ್ತಿದೆ ಎಂದು ಹೇಳಬಹುದಿತ್ತು.

ಮಾನಿಟರಿನ ಗುಂಡಿ ಒತ್ತಿದೊಡನೆ ‘ಧಂ’ ಎಂಬ ಸದ್ದು ಬರುತ್ತಿತ್ತಲ್ಲ, ಅದರಿಂದಲೇ ಶುರುಮಾಡೋಣ. ಆ ಗಾಜಿನ ಕೊಳವೆಯ ಹಿಂಬದಿಯಿಂದ ಕೆಂಪು, ಹಸಿರು, ನೀಲಿ ಬಣ್ಣಗಳಿಗೆಂದು ಮೂರು ಎಲೆಕ್ಟ್ರಾನ್ ಕಿರಣಗಳು ಹೊರಡುತ್ತಿದ್ದವು. ಪರದೆಯ ಹಿಂದೆಯೇ ಸಣ್ಣ ಸಣ್ಣ ರಂಧ್ರಗಳಿರುವ ತೆಳುವಾದ ಲೋಹದ ಹಾಳೆ. ಯಾವ ಕಿರಣ ಯಾವ ಬಣ್ಣದ ಚುಕ್ಕೆಗೆ ಬಡಿಯಬೇಕೆಂದು ನಿರ್ಧಾರವಾಗುತ್ತಿದ್ದದ್ದು ಆ ರಂಧ್ರಗಳಲ್ಲಿ. ಹಾಳೆಗೆ ಚೂರು ಕಾಂತತ್ವ ಹತ್ತಿದರೂ ಕಿರಣ ದಾರಿ ತಪ್ಪಿ ಹಸಿರಿನ ಬದಲು ಕೆಂಪಿಗೆ ಬಡಿಯುತ್ತಿತ್ತು. ಮಾನಿಟರಿಗೆ ಒತ್ತಿ ಅಗ್ಗದ ಸ್ಪೀಕರ್ ಇಟ್ಟವರ ಪರದೆಯ ಮೂಲೆಯಲ್ಲಿ ನೇರಳೆ ಕಲೆ ಕಾಣಿಸಿಕೊಳ್ಳುತ್ತಿದ್ದದ್ದು ಇದೇ ಕಾರಣಕ್ಕೆ. ಸ್ಪೀಕರಿನ ಒಳಗೆ ಅಯಸ್ಕಾಂತ ಇರುತ್ತದೆ.

ಆ ಕಾಂತತ್ವವನ್ನು ಅಳಿಸಲು ಕೊಳವೆಯ ಸುತ್ತ ಒಂದು ತಂತಿಸುರುಳಿ ಇರುತ್ತಿತ್ತು. ಗುಂಡಿ ಒತ್ತಿದ ಕೂಡಲೇ ಅದರಲ್ಲಿ ಜೋರಾಗಿ ವಿದ್ಯುತ್ ಹರಿದು, ಕಾಂತಕ್ಷೇತ್ರ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತಿತ್ತು. ‘ಧಂ’ ಎನ್ನುತ್ತಿದ್ದದ್ದು ಇದೇ. ಸುರುಳಿಯ ಜೊತೆಗಿದ್ದ ಒಂದು ಪುಟ್ಟ ಬಿಲ್ಲೆ ವಿದ್ಯುತ್ ಹರಿದಂತೆ ಬಿಸಿಯಾಗಿ, ಬಿಸಿಯಾದಂತೆ ಅದರ ರೋಧ ಏರಿ, ಒಂದೆರಡು ಸೆಕೆಂಡಿನಲ್ಲಿ ಪ್ರವಾಹವನ್ನು ತಾನೇ ಕ್ಷೀಣಿಸಿಬಿಡುತ್ತಿತ್ತು. ಹೀಗೆ ಅತ್ತಿತ್ತ ತೂಗುತ್ತ ಕುಗ್ಗುವ ಕಾಂತಕ್ಷೇತ್ರಕ್ಕೆ ಸಿಕ್ಕಿದ ಹಾಳೆ ತನ್ನ ಹಳೆಯ ಕಾಂತತ್ವವನ್ನು ಕಳೆದುಕೊಳ್ಳುತ್ತಿತ್ತು. ಮಜಾ ನೋಡಲು ಮಕ್ಕಳು ಮಾನಿಟರನ್ನು ಆರಿಸಿ ಮತ್ತೆ ಹಾಕಿದರೆ ಎರಡನೆಯ ಸಲ ‘ಧಂ’ ಬರುತ್ತಿರಲಿಲ್ಲ. ಬಿಲ್ಲೆ ಇನ್ನೂ ಆರಿರುತ್ತಿರಲಿಲ್ಲ, ಅಷ್ಟೇ.

ಕೊಳವೆಯೊಳಗೆ 20,000 ವೋಲ್ಟ್‌ಗೂ ಹೆಚ್ಚಿನ ಒತ್ತಡವಿದ್ದುದರಿಂದ ಗಾಜಿನ ಹೊರಮೈಯಲ್ಲೂ ಸ್ಥಿರವಿದ್ಯುತ್ ಕೂಡಿಕೊಳ್ಳುತ್ತಿತ್ತು. ಹತ್ತಿರ ಕೈ ಒಯ್ದರೆ ರೋಮ ನಿಮಿರಿ, ಚಿಟಿಚಿಟಿ ಎನ್ನುತ್ತಿತ್ತು. ಆಯುಧಪೂಜೆಯ ದಿನ ಅಜ್ಜಿ ಸಿಪಿಯು ಪೆಟ್ಟಿಗೆಗೆ ಹಚ್ಚಿದ ವಿಭೂತಿಯಲ್ಲಿ ಉದುರಿದ್ದಷ್ಟನ್ನೂ ಪಕ್ಕದ ಪರದೆ ತಾನೇ ಎಳೆದುಕೊಂಡಿತ್ತು. ಬಟ್ಟೆ ಮುಚ್ಚುವ ಶಾಸ್ತ್ರ ಪೂರ್ತಿ ಮೂಢನಂಬಿಕೆಯೇನೂ ಆಗಿರಲಿಲ್ಲ.

ಕಡತಗಳನ್ನು ಉಳಿಸಿಕೊಂಡು ಒಯ್ಯಲು ಬಳಸುತ್ತಿದ್ದ ಫ್ಲಾಪಿಯ ಟಕ್ ಟಕ್ ಸದ್ದು ಇನ್ನೊಂದು ಬಗೆ. ಮೂರೂವರೆ ಇಂಚಿನ ಪ್ಲಾಸ್ಟಿಕ್ ಚೌಕದೊಳಗೆ ಕಾಂತೀಯ ಲೇಪವಿರುವ ತೆಳು ಬಿಲ್ಲೆ ನಿಮಿಷಕ್ಕೆ 300 ಸುತ್ತು ತಿರುಗುತ್ತಿತ್ತು. ಒಂದೊಂದು ಬದಿಗೆ 80 ವೃತ್ತಪಥಗಳು. ಓದುವ ತಲೆ ಒಂದರಿಂದ ಮುಂದಿನದಕ್ಕೆ ಹೆಜ್ಜೆ ಇಟ್ಟಾಗಲೆಲ್ಲ ಒಂದು ‘ಟಕ್’. ಪಥಕ್ಕೆ 18 ಭಾಗ, ಭಾಗಕ್ಕೆ 512 ಬೈಟ್, ಎರಡು ಬದಿ: ಒಟ್ಟು 14,74,560 ಬೈಟ್. ಇದನ್ನೇ 1.44 ಎಂಬಿ ಎಂದು ಮಾರುತ್ತಿದ್ದರು. ಎರಡು ಸಲವೂ 1,000ದಿಂದ ಭಾಗಿಸಿದರೂ ಎರಡು ಸಲವೂ 1,024ರಿಂದ ಭಾಗಿಸಿದರೂ ಆ ಅಂಕಿ ಬರುವುದಿಲ್ಲ, ಎರಡನ್ನೂ ಒಂದೊಂದು ಸಲ ಬಳಸಿದರೆ ಬರುತ್ತದೆ!

ಹಾರ್ಡ್ ಡಿಸ್ಕಿನಲ್ಲಿ ತಲೆ ಗಾಳಿಯ ತೆಳುಪದರದ ಮೇಲೆ ತೇಲುತ್ತದೆ. ಫ್ಲಾಪಿಯಲ್ಲಿ ಹಾಗಲ್ಲ, ತಲೆ ಬಿಲ್ಲೆಗೆ ತಾಗಿಯೇ ಓದುತ್ತದೆ. ನಮ್ಮ ಕಡೆಯ ಮಳೆಗಾಲಕ್ಕೆ ಇದು ಒಗ್ಗುತ್ತಿರಲಿಲ್ಲ. ಹಪ್ಪಳದ ಡಬ್ಬಿಯನ್ನೂ ಬಿಡದ ಬೂಸ್ಟು ಫ್ಲಾಪಿಯನ್ನು ಬಿಟ್ಟೀತೇ? ಬೂಸ್ಟು ಹಿಡಿದ ಫ್ಲಾಪಿ ಹಾಕಿದರೆ ತಲೆ ಅದನ್ನು ಕೆರೆದು ತನ್ನ ಮೈಗೆ ಅಂಟಿಸಿಕೊಂಡು, ಮುಂದೆ ಹಾಕಿದ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತಿತ್ತು. ಸದ್ದು ‘ಟಕ್ ಟಕ್’ನಿಂದ ‘ಕರ್ರ್’ಗೆ ತಿರುಗಿತೆಂದರೆ ಒಳಗಿದ್ದ ಬರಹದ ಆಸೆ ಬಿಡಬೇಕು.

ಬರಹ ಎಂದೆನಲ್ಲ. 1998ರಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದೊಂದಿಗೆ. ಕಂಪ್ಯೂಟರ್ ಸಾಹಿತಿಗಳ ಮನೆಗೂ ಕಾಲಿಟ್ಟದ್ದು ಇವುಗಳಿಂದ. ಆದರೆ ಆಗಿನ ವ್ಯವಸ್ಥೆಯಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಅಂದರೆ ಹೆಚ್ಚೆಂದರೆ 256 ಸ್ಥಾನ. ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಅದರಲ್ಲಿ ಹಿಡಿಸುವುದುಂಟೇ? ಅದಕ್ಕೆ ತಲೆಕಟ್ಟು, ಕೊಂಬು, ಒತ್ತುಗಳನ್ನು ಚೂರು ಮಾಡಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸ್ಥಾನದಲ್ಲಿ ಕೂರಿಸಿದರು. ಕಡತದೊಳಗೆ ಇಂಗ್ಲಿಷ್, ಮೇಲೆ ಕನ್ನಡದ ಬಣ್ಣದ ವೇಷ. ಅದೇ ಫಾಂಟ್ ಇಲ್ಲದ ಮುದ್ರಣಾಲಯದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಅಕ್ಷರರಾಶಿ ಕಾಣುತ್ತಿತ್ತು. ಹಾಗಾಗಿ ಲೇಖನ ಕೊಡಲು ಹೋಗುವವರು ಅದೇ ಫ್ಲಾಪಿಯಲ್ಲಿ ಫಾಂಟನ್ನೂ ಒಯ್ಯುತ್ತಿದ್ದರು. ಲಿಪಿಗಳ ಅಕ್ಷರಗಳಿಗೆ ಪ್ರತ್ಯೇಕ ಸಂಖ್ಯೆ ಕೊಡುವ ವ್ಯವಸ್ಥೆಯಾದ ಯುನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸ್ಥಾನ ಕೊಟ್ಟಿತ್ತು. ಮನೆಯ ವಿಂಡೋಸ್‌ಗೆ ಅದು ಇಳಿದು ಬಂದದ್ದು ಎಕ್ಸ್‌ಪಿ ಕಾಲಕ್ಕೆ, ‘ತುಂಗಾ’ ಎಂಬ ಫಾಂಟಿನೊಂದಿಗೆ. ನಮ್ಮ ಕಡೆಯ ನದಿಯ ಹೆಸರೆಂದು ನಾವು ಸ್ವಲ್ಪ ಹೆಚ್ಚೇ ಬೀಗಿದೆವು.

ಇನ್ನು ಮೋಡೆಮ್, ಅಂದರೆ ಕಂಪ್ಯೂಟರಿನ ಮಾಹಿತಿಯನ್ನು ದೂರವಾಣಿ ತಂತಿಯಲ್ಲಿ ಸಾಗುವ ಸದ್ದಾಗಿ ಬದಲಿಸುವ ಉಪಕರಣ. ಭಾರತದಲ್ಲಿ ಆಗಿನ ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಅಂತರ್ಜಾಲ ತೆರೆದದ್ದು 1995ರ ಆಗಸ್ಟ್ 15ರಂದು. ಅದು ಮನೆಗೆ ಬರುತ್ತಿದ್ದದ್ದು ಮನುಷ್ಯರ ಮಾತಿಗೆಂದು ಎಳೆದ ದೂರವಾಣಿ ತಂತಿಯಲ್ಲಿ. ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಆ ಜಾಲ ಸಾಗಿಸುತ್ತಿತ್ತು. ಆದ್ದರಿಂದ ಕಂಪ್ಯೂಟರುಗಳೂ ಕೂಗಿಯೇ ಮಾತಾಡಬೇಕಿತ್ತು. ಮೊದಲು ಆಚೆ ತುದಿಯಿಂದ 2,100 ಹರ್ಟ್ಸ್‌ನ ಸಿಳ್ಳೆ. ದೂರದ ಕರೆಗಳಲ್ಲಿ ಪ್ರತಿಧ್ವನಿ ಅಡಗಿಸುವ ಉಪಕರಣಗಳು ಇರುತ್ತಿದ್ದವು. ಏಕಕಾಲಕ್ಕೆ ಇಬ್ಬರೂ ಮಾತಾಡಬೇಕಾದ ಮೋಡೆಮ್‌ಗಳಿಗೆ ಅವು ಅಡ್ಡಿ. ‘ನೀವು ಸುಮ್ಮನಿರಿ’ ಎಂದು ಅವುಗಳಿಗೆ ಹೇಳುತ್ತಿದ್ದದ್ದು ಆ ಸಿಳ್ಳೆ. ಆಮೇಲೆ ನಿನಗೆಷ್ಟು ವೇಗ ಬರುತ್ತದೆ ಎಂಬ ವಿಚಾರಣೆ, ತಂತಿ ಯಾವ ಸ್ವರವನ್ನು ಎಷ್ಟು ನುಂಗುತ್ತದೆ ಎಂಬ ಪರೀಕ್ಷೆ, ಕೊನೆಗೆ ‘ಶ್ಶ್‌ಶ್’ ಎಂಬ ಗದ್ದಲ. ಆ ಗದ್ದಲದಲ್ಲಿ ಎರಡೂ ಮೋಡೆಮ್‌ಗಳು ತಮ್ಮದೇ ಪ್ರತಿಧ್ವನಿಯನ್ನು ಗುರುತಿಸಿ ಕಳೆಯುವುದನ್ನು ಕಲಿಯುತ್ತಿದ್ದವು. ಒಪ್ಪಂದವಾದೊಡನೆ ಸ್ಪೀಕರ್ ಬಂದ್.

ಪೆಟ್ಟಿಗೆಯ ಮೇಲೆ 56 ಕೆ (ಸೆಕೆಂಡಿಗೆ 56 ಸಾವಿರ ಬಿಟ್) ಎಂದು ಬರೆದಿದ್ದರೂ ಒದ್ದೆ ತಂತಿಯಲ್ಲಿ ನಮಗೆ 28.8 ದಕ್ಕಿದರೆ ಪುಣ್ಯ. ಆ ವೇಗದಲ್ಲಿ 4 ಎಂಬಿಯ ಹಾಡು ಇಳಿಯಲು ಸುಮಾರು 19 ನಿಮಿಷ ಬೇಕು. ಅಷ್ಟರಲ್ಲಿ ಜಗಲಿಯಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ಮತ್ತೆ ಮೊದಲಿನಿಂದ. ಗುಡುಗು ಕೇಳಿದರೆ ಎಲ್ಲ ಬಿಟ್ಟು ಓಡಿ ಫೋನ್ ತಂತಿ ಕೀಳಬೇಕಿತ್ತು. ಮೈಲಿಗಟ್ಟಲೆ ಕಂಬದಿಂದ ಕಂಬಕ್ಕೆ ಹಾಯ್ದ ತಂತಿ ಸಿಡಿಲಿನ ಪ್ರವಾಹವನ್ನು ನೇರ ಮೋಡೆಮ್‌ಗೆ ತಂದು ಸುರಿಯುತ್ತಿತ್ತು.

ಅಟ್ಟದ ಮೇಲೆ ಇಂಥ ಮಾನಿಟರ್ ಇದ್ದರೆ ಕುತೂಹಲಕ್ಕೂ ಬಿಚ್ಚಬೇಡಿ. ಆರಿಸಿದ ಮೇಲೂ ಕೊಳವೆಯಲ್ಲಿ ವಿದ್ಯುದಂಶ ಉಳಿದಿರುತ್ತದೆ. ಗಾಜಿನಲ್ಲಿ ಸೀಸ ಇರುವುದರಿಂದ ತಿಪ್ಪೆಗೂ ಎಸೆಯುವಂತಿಲ್ಲ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಫ್ಲಾಪಿಗಳಿದ್ದರೆ ಮಾತ್ರ ತಡಮಾಡಬೇಡಿ. ಯುಎಸ್‌ಬಿಗೆ ಚುಚ್ಚುವ ಫ್ಲಾಪಿ ಡ್ರೈವ್ ಈಗಲೂ ಸಿಗುತ್ತದೆ. ಮೊದಲು ಫ್ಲಾಪಿಯ ಮೂಲೆಯ ಸಣ್ಣ ಬಾಗಿಲನ್ನು ಸರಿಸಿ ರಂಧ್ರ ತೆರೆಯಿರಿ. ಆಗ ಅದರ ಮೇಲೆ ಅಕಸ್ಮಾತ್ತಾಗಿಯೂ ಏನೂ ಬರೆಯಲಾಗದು. ಬೂಸ್ಟು ಇಲ್ಲದವನ್ನು ಮೊದಲು ಹಾಕಿ, ಇದ್ದವನ್ನು ಕೊನೆಗೆ ಇಟ್ಟುಕೊಳ್ಳಿ. ಕಡತ ತೆರೆದಾಗ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಕಂಡರೆ ಅಳಿಸಿಬಿಡಬೇಡಿ, ಹಳೆಯ ಫಾಂಟಿನಿಂದ ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಅದು ಅಜ್ಜನ ಆತ್ಮಕಥೆಯ ಮೊದಲ ಅಧ್ಯಾಯವೂ ಆಗಿರಬಹುದು, ಸಹಕಾರ ಸಂಘದ ನಡಾವಳಿಯೂ ಆಗಿರಬಹುದು.