ಯೋಚನೆ ನಿಲ್ಲದಿದ್ದರೆ ಅದು ಧ್ಯಾನ ಅಲ್ಲವೇ?

ಪ್ರಶ್ನೆ: ದಿನಾ ಬೆಳಿಗ್ಗೆ 15 ನಿಮಿಷ ಉಸಿರು ಗಮನಿಸುತ್ತಾ ಕೂರುತ್ತೇನೆ. ಒಂದು ನಿಮಿಷವೂ ಮನಸ್ಸು ಖಾಲಿಯಾಗುವುದಿಲ್ಲ. ನೆಮ್ಮದಿಯ ಮಾತಿರಲಿ, ತಲೆಯೊಳಗೆ ಗದ್ದಲವೇ ಹೆಚ್ಚಾದಂತಿದೆ. ಬೌದ್ಧ ಧ್ಯಾನ ನನಗೆ ಒಗ್ಗುವುದಿಲ್ಲವೇ?

ಉತ್ತರ: ಇದಕ್ಕೆ ಉತ್ತರ ಬರೆದೂ ಬರೆದೂ ಕೈ ಸೋತಿದೆ. ಆದರೂ ಇನ್ನೊಮ್ಮೆ ಕೇಳುತ್ತೇನೆ: ಮನಸ್ಸು ಖಾಲಿ ಮಾಡಿ ಅಂತ ನಿಮಗೆ ಹೇಳಿದ್ದು ಯಾರು? ಬುದ್ಧನಂತೂ ಹೇಳಿಲ್ಲ.

ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದಲ್ಲಿ 10ನೆಯ ಸುತ್ತ, ಅಂದರೆ ಉಪದೇಶ, ಸತಿಪಟ್ಠಾನ ಸುತ್ತ. ಅದನ್ನು ತೆಗೆದು ನೋಡಿ. ಮನಸ್ಸನ್ನು ಗಮನಿಸುವ ಭಾಗದಲ್ಲಿ ಭಿಕ್ಷುವಿಗೆ ಇರುವ ಕೆಲಸ ಇಷ್ಟೇ: ಮನಸ್ಸಿನಲ್ಲಿ ರಾಗವಿದ್ದರೆ ಇದೆ ಎಂದು ತಿಳಿಯುವುದು, ದ್ವೇಷವಿದ್ದರೆ ಇದೆ ಎಂದು ತಿಳಿಯುವುದು, ಮನಸ್ಸು ಚೆದುರಿದ್ದರೆ ಚೆದುರಿದೆ ಎಂದು ತಿಳಿಯುವುದು. ಚೆದುರಿದ ಮನಸ್ಸಿಗೂ ಪಠ್ಯದಲ್ಲೇ ಜಾಗವಿದೆ ಅಂದಮೇಲೆ ನೀವು ಯಾಕೆ ಅದನ್ನು ಹೊರಗಟ್ಟಲು ಹೊರಟಿದ್ದೀರಿ?

ಈ ಸುತ್ತಗಳ ಭಾಷೆಯಾದ ಪಾಲಿಯ 'ಸತಿ' ಎಂದರೆ ಸಂಸ್ಕೃತದ ಸ್ಮೃತಿ, ಅಂದರೆ ನೆನಪು. ಉಸಿರು ಬಿಟ್ಟು ಎಲ್ಲೋ ಹೋಗಿದ್ದೆ ಎಂದು ಥಟ್ಟನೆ ನೆನಪಾಗುತ್ತದಲ್ಲ, ಅದೇ ಸತಿ. 15 ನಿಮಿಷದಲ್ಲಿ 40 ಸಲ ಹೀಗಾದರೆ ನೀವು 40 ಸೋಲು ಅಂತ ಬರೆದುಕೊಳ್ಳುತ್ತೀರಿ. ನನ್ನ ಲೆಕ್ಕದಲ್ಲಿ 40 ಸಲ ಸತಿ ಎದ್ದಿದೆ. ಗದ್ದಲವೂ ಹೆಚ್ಚಾಗಿಲ್ಲ, ಈಗ ಕಿವಿಗೆ ಬೀಳುತ್ತಿದೆ ಅಷ್ಟೆ. ಫ್ಯಾನ್ ನಿಂತಾಗ ಗೋಡೆ ಗಡಿಯಾರದ ಸದ್ದು ಕೇಳಿಸುವುದಿಲ್ಲವೇ, ಹಾಗೆ.

ಈ ಭ್ರಮೆಗೆ ಮೂಲ ಇಲ್ಲವೆಂದಲ್ಲ. 'ಚಿತ್ತವೃತ್ತಿನಿರೋಧ', ಅಂದರೆ ಮನಸ್ಸಿನ ಓಡಾಟವನ್ನು ತಡೆಯುವುದು, ಎಂಬ ಮಾತು ಎಲ್ಲರ ಕಿವಿಗೂ ಬಿದ್ದಿದೆ. ಅದು ಪತಂಜಲಿಯ ಯೋಗಸೂತ್ರದ ಮಾತು, ಪರಂಪರೆಯೇ ಬೇರೆ. ಬೌದ್ಧರಲ್ಲೂ ಎರಡನೆಯ ಝಾನದಲ್ಲಿ (ಧ್ಯಾನದ ಆಳದ ಹಂತದಲ್ಲಿ) ವಿತಕ್ಕ-ವಿಚಾರ, ಅಂದರೆ ಯೋಚನೆ ಮತ್ತು ಅದರ ಬೆನ್ನು ಹತ್ತುವಿಕೆ, ಅಡಗುತ್ತವೆ ಎಂದಿದೆ, ನಿಜ. ಆದರೆ ಅದು ಗಾಢ ಸಮಾಧಿಯ ಸ್ಥಿತಿ. ಬಿತ್ತಿದ ವಾರಕ್ಕೇ ಕುಡುಗೋಲು ಹಿಡಿದು ಹೊಲಕ್ಕೆ ಹೋಗುತ್ತಾರೆಯೇ?

ಕಾಡುವ ಯೋಚನೆಗಳಿಗೆ ಅದೇ ನಿಕಾಯದ 20ನೆಯ ಸುತ್ತದಲ್ಲಿ ಐದು ಉಪಾಯಗಳಿವೆ. ಮೊದಲನೆಯದು, ಬಡಗಿ ಸಣ್ಣ ಗೂಟ ಹೊಡೆದು ದಪ್ಪ ಗೂಟ ಹೊರದೂಡುವಂತೆ, ಕೆಟ್ಟ ಯೋಚನೆಯ ಜಾಗಕ್ಕೆ ಒಳ್ಳೆಯದನ್ನು ತರುವುದು. ಆಮೇಲೆ ಅದರ ಕೇಡನ್ನು ನೋಡುವುದು, ಅದರ ಕಡೆ ಗಮನ ಕೊಡದಿರುವುದು. ನಾಲ್ಕನೆಯದು ನನಗೆ ಬಹಳ ಇಷ್ಟ: ಬಿರುಸಾಗಿ ನಡೆಯುವವನು 'ಇಷ್ಟು ಅವಸರ ಯಾಕೆ' ಎಂದು ನಿಧಾನಿಸಿ, ನಿಂತು, ಕೂತು, ಕೊನೆಗೆ ಮಲಗುವ ಹಾಗೆ ಯೋಚನೆಯ ವೇಗವನ್ನು ಇಳಿಸುತ್ತಾ ಬರುವುದು. ಇವ್ಯಾವುದೂ ಆಗದಿದ್ದರೆ ಮಾತ್ರ ಐದನೆಯದು, ಹಲ್ಲು ಕಚ್ಚಿ ಅದುಮುವುದು. ನೀವು ಶುರು ಮಾಡುತ್ತಿರುವುದೇ ಈ ಐದನೆಯದರಿಂದ!

ಇನ್ನು ನೀವು ಕೇಳದ ಪ್ರಶ್ನೆ: ಉಳಿದ 23 ಮುಕ್ಕಾಲು ಗಂಟೆಯ ಗತಿಯೇನು? ಸತಿಪಟ್ಠಾನದಲ್ಲೇ ಅದಕ್ಕೂ ಪಟ್ಟಿಯಿದೆ. ನಡೆಯುವಾಗ, ಕೈಕಾಲು ಮಡಚಿ ಚಾಚುವಾಗ, ಉಣ್ಣುವಾಗ, ಮಾತಾಡುವಾಗ, ಸುಮ್ಮನಿರುವಾಗ, ಮಲಮೂತ್ರಕ್ಕೆ ಕೂತಾಗಲೂ ಅರಿವಿರಲಿ ಎನ್ನುತ್ತದೆ. ಮೈ ಉರಿಸುವ ಮೆಸೇಜಿಗೆ ಉತ್ತರ ಟೈಪ್ ಮಾಡುವಾಗ ದವಡೆ ಬಿಗಿದದ್ದು ನಿಮಗೆ ಗೊತ್ತಾಗುತ್ತದೆಯೇ? ಬೆಳಗಿನ 15 ನಿಮಿಷದ ಬಗ್ಗೆ ಬರೆಯುವವರು ಬೇಕಾದಷ್ಟು ಜನ. ಈ ದವಡೆಯ ಬಗ್ಗೆ ಇದುವರೆಗೆ ಒಬ್ಬರೂ ಕೇಳಿಲ್ಲ.