ಹಸಿರು ಚೀಟಿಯ ಮಿತಿ

ದೊಡ್ಡ ಭೂಕಂಪವಾದಾಗ ರಕ್ಷಣಾ ತಂಡಗಳ ಬೆನ್ನಿಗೇ ಬರಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರುಗಳು. ಉರುಳದೆ ನಿಂತಿರುವ ಕಟ್ಟಡಗಳಲ್ಲಿ ಯಾವುದರೊಳಗೆ ಮತ್ತೆ ಕಾಲಿಡಬಹುದು ಎಂದು ಅವರು ಹೇಳುವವರೆಗೆ ಆಸ್ಪತ್ರೆ ನಡೆಯದು, ಅಂಗಡಿ ತೆರೆಯದು. ನೋಡಬೇಕಾದ ಕಟ್ಟಡಗಳು ಸಾವಿರಾರು, ನೋಡಬಲ್ಲವರು ಕೆಲವೇ ಮಂದಿ. ಅದಕ್ಕಾಗಿ 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಸರಳ ಕ್ರಮ ರೂಪುಗೊಂಡಿತು: ಕಟ್ಟಡವನ್ನು ಬೇಗನೆ ಪರಿಶೀಲಿಸಿ ಬಾಗಿಲಿಗೆ ಬಣ್ಣದ ಚೀಟಿ ಅಂಟಿಸುವುದು. ಕೆಂಪಿದ್ದರೆ ಪ್ರವೇಶವಿಲ್ಲ, ಹಳದಿಯಿದ್ದರೆ ನಿರ್ಬಂಧಿತ ಪ್ರವೇಶ, ಹಸಿರಿದ್ದರೆ ಅಡ್ಡಿಯಿಲ್ಲ. ಹಲವು ದೇಶಗಳು ಇದನ್ನೇ ತಮಗೆ ಒಗ್ಗಿಸಿಕೊಂಡವು, ನ್ಯೂಜಿಲೆಂಡ್ ಅವುಗಳಲ್ಲೊಂದು.

2010ರ ಸೆಪ್ಟೆಂಬರ್ 4ರ ಬೆಳಗಿನ ಜಾವ ಆ ದೇಶದ ಕ್ರೈಸ್ಟ್‌ಚರ್ಚ್ ನಗರದಿಂದ ಸುಮಾರು 40 ಕಿ.ಮೀ. ಪಶ್ಚಿಮದಲ್ಲಿ 7.1 ಪ್ರಮಾಣದ ಭೂಕಂಪವಾಯಿತು. ಇಟ್ಟಿಗೆ ಗೋಡೆಗಳು ಬೀದಿಗೆ ಕುಸಿದರೂ ಆ ಹೊತ್ತಿನಲ್ಲಿ ಬೀದಿಯಲ್ಲಿ ಜನರಿರಲಿಲ್ಲ. ತ್ವರಿತ ಪರಿಶೀಲನೆಯಲ್ಲಿ ಹಸಿರು ಚೀಟಿ ಪಡೆದ ಕಟ್ಟಡಗಳ ಪೈಕಿ ಸಿಟಿವಿ (ಕ್ಯಾಂಟರ್ಬರಿ ಟೆಲಿವಿಷನ್) ಎಂಬ ಟಿವಿ ವಾಹಿನಿಯ ಹೆಸರಿನ ಆರು ಅಂತಸ್ತಿನ ಕಟ್ಟಡವೂ ಇತ್ತು. 2011ರ ಫೆಬ್ರವರಿ 22ರ ಮಧ್ಯಾಹ್ನ 12.51ಕ್ಕೆ ಮತ್ತೆ ನೆಲ ನಡುಗಿತು. ಪ್ರಮಾಣ 6.3 ಮಾತ್ರ, ಆದರೆ ಕೇಂದ್ರ ನಗರದ ಪಕ್ಕದಲ್ಲೇ, ಹೆಚ್ಚು ಆಳವಿಲ್ಲದೆ ಇದ್ದುದರಿಂದ ನಗರದ ನಡುಭಾಗಕ್ಕೆ ಬಿದ್ದ ಹೊಡೆತ ಮೊದಲಿನದಕ್ಕಿಂತ ಬಲವಾಗಿತ್ತು. ಅಂದು ಸತ್ತ 185 ಮಂದಿಯಲ್ಲಿ 115 ಮಂದಿ ಸತ್ತದ್ದು ಕುಸಿದುಬಿದ್ದ ಸಿಟಿವಿ ಕಟ್ಟಡವೊಂದರಲ್ಲೇ.

ದೋಷ ಹುಟ್ಟಿನಿಂದಲೇ ಇತ್ತೆಂಬುದು ತನಿಖಾ ಆಯೋಗದ ವಿಚಾರಣೆಯಲ್ಲಿ ಬಯಲಾಯಿತು. 1986ರಲ್ಲಿ ವಿನ್ಯಾಸಗೊಂಡ ಆ ಕಟ್ಟಡದ ಕಂಬಗಳಲ್ಲಿ, ಉದ್ದುದ್ದ ನಿಂತ ಕಂಬಿಗಳನ್ನು ಸುತ್ತುವರಿದು ಕಾಂಕ್ರೀಟನ್ನು ಬಿಗಿಹಿಡಿಯಬೇಕಾದ ರಿಂಗುಗಳು ಸಾಲದಷ್ಟಿದ್ದವು. ಲಿಫ್ಟು, ಮೆಟ್ಟಿಲುಗಳ ಸುತ್ತಲಿನ ಬಲಿಷ್ಠ ಗೋಡೆಗಳೆಲ್ಲ ಒಂದೇ ಬದಿಗೆ ಇದ್ದುದರಿಂದ ನೆಲ ಅಲುಗಿದಾಗ ಕಟ್ಟಡ ತಿರುಚಿಕೊಳ್ಳುವ ಸಾಧ್ಯತೆಯೂ ಇತ್ತು. ಇಂಥ ಕೊರತೆಗಳು ಕಾಂಕ್ರೀಟಿನ ಒಳಗೂ ನಕ್ಷೆಯ ಹಾಳೆಗಳಲ್ಲೂ ಇರುತ್ತವೆಯೇ ಹೊರತು, ಟಾರ್ಚು ಹಿಡಿದು ಸುತ್ತು ಹಾಕುವವರ ಕಣ್ಣಿಗೆ ಬೀಳುವುದಿಲ್ಲ. ಈ ಕಂಪನದಿಂದ ಕಟ್ಟಡಕ್ಕೆ ಎದ್ದು ಕಾಣುವ ಪೆಟ್ಟು ಬಿದ್ದಿದೆಯೇ ಎಂಬುದಷ್ಟೇ ತ್ವರಿತ ಪರಿಶೀಲನೆಯ ಪ್ರಶ್ನೆ. ಕಟ್ಟಡ ಮೊದಲಿಗೇ ಎಷ್ಟು ಗಟ್ಟಿಯಾಗಿತ್ತು ಎಂದು ಅದು ಕೇಳುವುದೇ ಇಲ್ಲ. ಜನರು ಮಾತ್ರ ಹಸಿರನ್ನು ಸುರಕ್ಷತೆಯ ಖಾತರಿಯೆಂದೇ ಓದಿಕೊಂಡರು, ಮತ್ತು ಅದಕ್ಕಾಗಿ ಅವರನ್ನು ದೂರುವುದು ನ್ಯಾಯವಲ್ಲ. ಆ ಬಣ್ಣದ ಅರ್ಥವೇ ಅಂಥದ್ದು. ಮುಂದೆ ನ್ಯೂಜಿಲೆಂಡ್ ಹಸಿರನ್ನು ಕೈಬಿಟ್ಟು, ‘ಬಳಸಬಹುದು’ ಎಂದಷ್ಟೇ ಹೇಳುವ ಬಿಳಿ ಚೀಟಿಯನ್ನು ತಂದಿತು.

ಬಿರುಕು ಸಣ್ಣದಾದರೆ ಹಾನಿಯೂ ಸಣ್ಣದೆಂಬ ನಂಬಿಕೆಯೂ ಅಲ್ಲಿ ಉಳಿಯಲಿಲ್ಲ. ಗ್ಯಾಲರಿ ಅಪಾರ್ಟ್‌ಮೆಂಟ್ಸ್ ಎಂಬ ಬಹುಮಹಡಿ ಕಟ್ಟಡದ ಗೋಡೆಯೊಂದರಲ್ಲಿ, ಬುಡದ ಹತ್ತಿರ, ಹೊರನೋಟಕ್ಕೆ ಕಿರಿದಾದ ಒಂದು ಬಿರುಕು ಕಾಣುತ್ತಿತ್ತು. ಅಲ್ಲಿನ ಕಾಂಕ್ರೀಟನ್ನು ಒಡೆದು ನೋಡಿದಾಗ ಒಳಗಿನ ಲಂಬ ಕಂಬಿಗಳು ತುಂಡಾಗಿದ್ದವು. ಕಂಬಿ ಧಾರಾಳವಾಗಿದ್ದ ಗೋಡೆಯಲ್ಲಿ ಹಲವಾರು ಸಣ್ಣ ಬಿರುಕುಗಳು ಮೂಡಿ ಎಳೆತ ಹಂಚಿಹೋಗುತ್ತದೆ. ಕಂಬಿ ಕಡಿಮೆಯಿದ್ದರೆ ಎಳೆತವೆಲ್ಲ ಒಂದೇ ಬಿರುಕಿನ ಜಾಗದಲ್ಲಿ ಸೇರಿಕೊಳ್ಳುತ್ತದೆ. ಹಿಂದೆ ಮುಂದೆ ಬಗ್ಗಿಸಿದ ತಂತಿಯಂತೆ ಉಕ್ಕು ತನ್ನ ಹಿಗ್ಗುವ ಶಕ್ತಿಯ ಒಂದು ಪಾಲನ್ನು ಪ್ರತಿ ಕಂಪನದಲ್ಲೂ ಖರ್ಚು ಮಾಡುತ್ತದೆ. ಎಷ್ಟು ಉಳಿದಿದೆ ಎಂಬುದನ್ನು ಸ್ಥಳದಲ್ಲೇ ಅಳೆಯುವುದು ಇಂದಿಗೂ ಕಷ್ಟದ ಕೆಲಸ. ಈ ಅನಿಶ್ಚಿತತೆಯ ಜೊತೆಗೆ ವಿಮೆಯ ಲೆಕ್ಕಾಚಾರವೂ ಸೇರಿ, ದುರಸ್ತಿ ಮಾಡಬಹುದಾಗಿದ್ದ ಎಷ್ಟೋ ಕಟ್ಟಡಗಳು ನೆಲಸಮವಾದವು. ಜನ ಒಳಹೋಗದಂತೆ ನಗರದ ನಡುಭಾಗಕ್ಕೆ ಹಾಕಿದ್ದ ಬೇಲಿಯನ್ನು ಪೂರ್ತಿ ತೆಗೆದದ್ದು 2013ರ ಜೂನ್ ಕೊನೆಗೆ.

ಅದೇ ನಗರದ ಮಹಿಳಾ ಆಸ್ಪತ್ರೆ ಮಾತ್ರ ಕೆಲಸ ನಿಲ್ಲಿಸಲಿಲ್ಲ. ಅದು ನಿಂತಿದ್ದುದು ಪಾಯಕ್ಕೂ ಕಟ್ಟಡಕ್ಕೂ ನಡುವೆ ಇರಿಸಿದ ರಬ್ಬರ್ ಬೇರಿಂಗುಗಳ ಮೇಲೆ. ಇಂಥ ಬೇರಿಂಗುಗಳಲ್ಲಿ ಹೆಸರಾದದ್ದು 1970ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ರಾಬಿನ್‌ಸನ್ ರೂಪಿಸಿದ ಬಗೆ: ರಬ್ಬರ್ ಮತ್ತು ಉಕ್ಕಿನ ಪದರಗಳ ಮಧ್ಯೆ ಸೀಸದ ದಿಂಡು. ನೆಲ ಅಡ್ಡಡ್ಡ ಸರಿದಾಗ ರಬ್ಬರ್ ಬಾಗುತ್ತದೆ, ಸೀಸ ರೂಪಗೆಟ್ಟು ಕಂಪನದ ಶಕ್ತಿಯನ್ನು ಶಾಖವಾಗಿಸುತ್ತದೆ, ಮೇಲಿನ ಕಟ್ಟಡ ನಿಧಾನವಾಗಿ ತೂಗುತ್ತದೆ. 2001ರ ಜನವರಿ 26ರ ಭೂಕಂಪದಲ್ಲಿ ಕುಸಿದ ಗುಜರಾತಿನ ಭುಜ್‌ನ ಜಿಲ್ಲಾ ಆಸ್ಪತ್ರೆಯನ್ನು ಮರಳಿ ಕಟ್ಟಿದ್ದು ಈ ಬಗೆಯ ಬೇರಿಂಗುಗಳ ಮೇಲೆಯೇ.